24 ಚಿನ್ನ, 27 ಲೀಗ್: ಮಾಲ್ಮೋ ಕ್ಲಬ್ಬಿನ ಲೆಕ್ಕ ಎರಡಾದದ್ದು ಹೇಗೆ

ಸ್ವೀಡನ್ನಿನ ಮಾಲ್ಮೋ ಎಫ್‌ಎಫ್ ಎಷ್ಟು ಸಲ ಚಾಂಪಿಯನ್ ಆಗಿದೆ ಎಂದು ಹುಡುಕಿದರೆ ಒಂದು ಕಡೆ 24 ಎಂದಿರುತ್ತದೆ, ಇನ್ನೊಂದು ಕಡೆ 27. ಯಾರೋ ತಪ್ಪು ಬರೆದಿದ್ದಾರೆ ಎಂದುಕೊಳ್ಳುವುದು ಸಹಜ. ಆದರೆ 2025ರ ಸೀಸನ್ ಮುಗಿದ ಹೊತ್ತಿಗೂ ಆ ಎರಡೂ ಅಂಕಿಗಳು ಸರಿ. ದೇಶದ ಚಾಂಪಿಯನ್ ಪಟ್ಟ, ಅಂದರೆ ಅಲ್ಲಿಯವರು ‘ಎಸ್‌ಎಂ ಚಿನ್ನ’ ಎನ್ನುವುದು, 24. ಆಲ್‌ಸ್ವೆನ್ಸ್ಕಾನ್ ಎಂಬ ಮೇಲಿನ ದರ್ಜೆಯ ಲೀಗಿನಲ್ಲಿ ಮೊದಲ ಸ್ಥಾನ ಪಡೆದದ್ದು 27 ಸಲ. ನಡುವಿನ ಈ ಮೂರರ ವ್ಯತ್ಯಾಸದ ಹಿಂದೆ ಸ್ವೀಡಿಷ್ ಫುಟ್‌ಬಾಲ್ ತನ್ನ ಚಾಂಪಿಯನ್ನನ್ನು ಆರಿಸುವ ವಿಧಾನವನ್ನು ಮತ್ತೆ ಮತ್ತೆ ಬದಲಿಸಿದ ಕಥೆಯಿದೆ.

ಮೊದಲು ಇದ್ದದ್ದು ಲೀಗ್ ಅಲ್ಲ. 1896ರಿಂದ 1925ರವರೆಗೆ ಸ್ವೆನ್ಸ್ಕಾ ಮಾಸ್ಟರ್‌ಸ್ಕಾಪೆಟ್ (‘ಎಸ್‌ಎಂ’ ಎಂಬುದು ಇದರದ್ದೇ ಚುಟುಕು) ಎಂಬ ನಾಕೌಟ್ ಪಂದ್ಯಾವಳಿ ನಡೆಯುತ್ತಿತ್ತು. ಗೆದ್ದವರೇ ದೇಶದ ಚಾಂಪಿಯನ್. ಗೋಥೆನ್‌ಬರ್ಗ್ ನಗರದ ಓರ್‌ಗ್ರೂಟೆ ತಂಡ ಮೊದಲ ವರ್ಷವೇ ಗೆದ್ದು, 1913ರೊಳಗೆ 11 ಪಟ್ಟ ಕಟ್ಟಿಕೊಂಡಿತು. 1924-25ರಲ್ಲಿ ಆಲ್‌ಸ್ವೆನ್ಸ್ಕಾನ್ ಶುರುವಾಯಿತು. ತೊಡಕು ಹುಟ್ಟಿದ್ದು ಇಲ್ಲಿಂದಲೇ. ಲೀಗ್ ಗೆದ್ದವರಿಗೆ ಚಾಂಪಿಯನ್ ಪಟ್ಟ ಕೊಡುವ ನಿಯಮವನ್ನು ಅದರ ಜೊತೆಗೇ ತರಲಿಲ್ಲ. 1925ರ ಪಟ್ಟ ಹಳೆಯ ಪಂದ್ಯಾವಳಿಯನ್ನು ಗೆದ್ದ ಬ್ರೂನೆಸ್ ತಂಡಕ್ಕೆ ಹೋಯಿತು. ಇಂದು ಆ ಹೆಸರು ಕೇಳಿದರೆ ಸ್ವೀಡನ್ನಿನವರಿಗೆ ನೆನಪಾಗುವುದು ಐಸ್ ಹಾಕಿ. 1926ರಿಂದ 1930ರವರೆಗೆ ಪಟ್ಟವನ್ನು ಯಾರಿಗೂ ಕೊಡಲಿಲ್ಲ. ಲೀಗ್ ಗೆದ್ದು ಅಧಿಕೃತ ಚಾಂಪಿಯನ್ ಎನಿಸಿಕೊಂಡ ಮೊದಲ ತಂಡ 1930-31ರ ಗೈಸ್.

ಈ ಅಂತರದಿಂದ ಹೆಚ್ಚು ಪೆಟ್ಟು ತಿಂದವರು ಹೆಲ್ಸಿಂಗ್‌ಬೊರ್ಗ್‌ನವರು. 1928-29 ಮತ್ತು 1929-30ರಲ್ಲಿ ಸತತ ಎರಡು ಸಲ ಲೀಗ್ ಗೆದ್ದರೂ ಚಿನ್ನ ಎಣಿಕೆಗೆ ಬರಲಿಲ್ಲ. ಹಾಗಾಗಿ ಅವರ ಲೀಗ್ ಗೆಲುವು 7, ಪಟ್ಟ 5. ಓರ್‌ಗ್ರೂಟೆ ಕೂಡ 1925-26 ಮತ್ತು 1927-28ರ ಲೀಗ್ ಗೆಲುವುಗಳನ್ನು ಪಟ್ಟವಿಲ್ಲದೇ ಇಟ್ಟುಕೊಂಡಿದೆ. ಮಾಲ್ಮೋಗೆ ಇದರ ಬಿಸಿ ತಟ್ಟಲಿಲ್ಲ. 1910ರ ಫೆಬ್ರವರಿ 24ರಂದು ಹುಟ್ಟಿದ ಈ ಕ್ಲಬ್ ಆಲ್‌ಸ್ವೆನ್ಸ್ಕಾನ್‌ಗೆ ಬಂದದ್ದೇ 1931-32ರಲ್ಲಿ, ಅಂದರೆ ನಿಯಮ ನೆಟ್ಟಗಾದ ಮೇಲೆ. 1933-34ರಲ್ಲಿ ಆಟಗಾರರಿಗೆ ಹಣ ಕೊಟ್ಟು ಹವ್ಯಾಸಿ ನಿಯಮ ಮುರಿದದ್ದಕ್ಕೆ ಲೀಗಿನಿಂದ ಹೊರಬಿದ್ದು, 1937ರಲ್ಲಿ ಮರಳಿತು. ಮೊದಲ ಚಿನ್ನ 1943-44ರದ್ದು.

ಮಾಲ್ಮೋದ ಮೂರು ಚಿನ್ನ ಕೈತಪ್ಪಿದ್ದು ಅದಾಗಿ ನಾಲ್ಕು ದಶಕಗಳ ಮೇಲೆ. 1982ರಲ್ಲಿ ಪ್ಲೇಆಫ್ ಬಂತು. ಲೀಗ್ ಮುಗಿದ ಮೇಲೆ ಮೇಲಿನ ಸ್ಥಾನದ ತಂಡಗಳು ನಾಕೌಟ್ ಆಡಬೇಕು, ಫೈನಲ್ ಗೆದ್ದವರಿಗೆ ಚಿನ್ನ. ವರ್ಷಪೂರ್ತಿ ಆಡಿ ಮೊದಲ ಸ್ಥಾನದಲ್ಲಿ ನಿಂತವರಿಗೆ ಲೀಗ್ ವಿಜೇತರೆಂಬ ಹೆಸರು ಮಾತ್ರ. ಈ ವ್ಯವಸ್ಥೆ 1990ರವರೆಗೆ ನಡೆಯಿತು. ಮಾಲ್ಮೋ ಅತ್ಯಂತ ಗಟ್ಟಿಯಾಗಿದ್ದ ಕಾಲವೂ ಅದೇ. ಇಂಗ್ಲೆಂಡಿನ ರಾಯ್ ಹಾಡ್ಸನ್ ಕೋಚ್ ಆಗಿದ್ದ 1985ರಿಂದ 1989ರವರೆಗಿನ ಐದು ವರ್ಷಗಳಲ್ಲಿ ತಂಡ ಐದೂ ಸಲ ಲೀಗಿನಲ್ಲಿ ಮೊದಲಿಗ. ಚಿನ್ನ ಸಿಕ್ಕಿದ್ದು ಎರಡೇ ಸಲ.

ಒಂದೊಂದೇ ವರ್ಷ ನೋಡೋಣ. 1985ರಲ್ಲಿ ಮಾಲ್ಮೋ ಲೀಗ್ ಗೆದ್ದಿತು, ಆದರೆ ಫೈನಲ್ ಆಡಿದ್ದು ಗೋಥೆನ್‌ಬರ್ಗ್‌ನ ಎರಡು ತಂಡಗಳು. ಎರಡು ಪಂದ್ಯ ಸೇರಿ 6-5ರಿಂದ ಐಎಫ್‌ಕೆ ಗೋಥೆನ್‌ಬರ್ಗ್ ತಂಡವನ್ನು ಮಣಿಸಿ ಓರ್‌ಗ್ರೂಟೆ 72 ವರ್ಷಗಳ ಬಳಿಕ ಪಟ್ಟ ಪಡೆಯಿತು. 1986ರಲ್ಲಿ ಮಾಲ್ಮೋ ಫೈನಲ್‌ನ ಮೊದಲ ಪಂದ್ಯವನ್ನು ಎಐಕೆ ಎದುರು 0-1ರಿಂದ ಸೋತು, ತವರಿನಲ್ಲಿ 5-2ರಿಂದ ತಿರುಗೇಟು ಕೊಟ್ಟು ಚಿನ್ನ ಗೆದ್ದಿತು. 1987ರ ಫೈನಲ್ ಐಎಫ್‌ಕೆ ಗೋಥೆನ್‌ಬರ್ಗ್ ವಿರುದ್ಧ. ಎರಡು ಪಂದ್ಯಗಳ ಒಟ್ಟು 2-2. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮದಿಂದ ಚಿನ್ನ ಗೋಥೆನ್‌ಬರ್ಗ್‌ಗೆ. 1988ರಲ್ಲಿ ಯೂರ್‌ಗೋರ್ಡನ್ ಎದುರು ಮೊದಲು 0-0, ಮತ್ತೆ 7-3, ಚಿನ್ನ ಮಾಲ್ಮೋಗೆ. 1989ರದ್ದು ಎಲ್ಲಕ್ಕಿಂತ ಕಹಿ. ಆ ವರ್ಷ ಸ್ವೆನ್ಸ್ಕಾ ಕಪ್ಪನ್ ಎಂಬ ದೇಶದ ನಾಕೌಟ್ ಕಪ್ಪೂ ಮಾಲ್ಮೋದ್ದೇ, ಲೀಗಿನ ಮೊದಲ ಸ್ಥಾನವೂ ಮಾಲ್ಮೋದ್ದೇ, ಆದರೆ ಫೈನಲ್‌ನಲ್ಲಿ ನಾರ್‌ಚೋಪಿಂಗ್ ಗೆದ್ದದ್ದರಿಂದ ಚಿನ್ನ ಅವರಿಗೆ. 1985, 1987, 1989: ಮೂರರ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ.

ಲೆಕ್ಕ ತಾಳೆ ನೋಡಲು ಬಯಸುವವರು ಕ್ಲಬ್ಬಿನ ಇತಿಹಾಸವನ್ನು ಮೂರು ತುಂಡು ಮಾಡಿಕೊಳ್ಳಬೇಕು. 1943-44ರಿಂದ 1977ರವರೆಗೆ 12 ಲೀಗ್ ಗೆಲುವು, 12 ಚಿನ್ನ. ಪ್ಲೇಆಫ್ ಕಾಲದಲ್ಲಿ 5 ಲೀಗ್, 2 ಚಿನ್ನ. 2004ರಿಂದ 2024ರವರೆಗೆ 10 ಮತ್ತು 10. ಕೂಡಿದರೆ 27 ಮತ್ತು 24. ಇದೇ ವಿಧಾನವನ್ನು ಐಎಫ್‌ಕೆ ಗೋಥೆನ್‌ಬರ್ಗ್ ಮೇಲೆ ಹೂಡಿದರೆ ಫಲ ತಿರುಗುಮುರುಗಾಗುತ್ತದೆ: ಚಿನ್ನ 18, ಲೀಗ್ 13. ಹೆಚ್ಚುವರಿ ಐದರಲ್ಲಿ ಮೂರು ಲೀಗ್ ಹುಟ್ಟುವ ಮೊದಲಿನವು (1908, 1910, 1918), ಉಳಿದೆರಡು 1983 ಮತ್ತು 1987ರ ಪ್ಲೇಆಫ್‌ನವು. ಹಾಗಾಗಿ ಲೀಗ್ ಅಂಕಣದಲ್ಲಿ 1987 ಮಾಲ್ಮೋದ್ದು, ಚಿನ್ನದ ಅಂಕಣದಲ್ಲಿ ಗೋಥೆನ್‌ಬರ್ಗ್‌ದ್ದು.

1991 ಮತ್ತು 1992ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಆಲ್‌ಸ್ವೆನ್ಸ್ಕಾನ್ ಮುಗಿದ ಮೇಲೆ ಮೊದಲ 6 ತಂಡಗಳು ಪ್ರತ್ಯೇಕ ಸರಣಿ ಆಡಿ ಚಾಂಪಿಯನ್ನನ್ನು ನಿರ್ಧರಿಸಿದವು. 1992ರಲ್ಲಿ ಲೀಗ್ ನಾರ್‌ಚೋಪಿಂಗ್‌ಗೆ, ಪಟ್ಟ ಎಐಕೆಗೆ. 1993ರಿಂದ ಲೀಗ್ ಗೆದ್ದವರೇ ಚಾಂಪಿಯನ್.

ತಪ್ಪು ನುಸುಳುವುದು ಸಾಮಾನ್ಯವಾಗಿ ಪಟ್ಟಿ ಮಾಡುವಾಗ. ಪ್ರತಿ ಸೀಸನ್ನಿನ ಅಂಕಪಟ್ಟಿ ತೆಗೆದು, ಮೊದಲ ಸಾಲಿನ ತಂಡದ ಮುಂದೆ ‘ಚಾಂಪಿಯನ್’ ಎಂದು ಬರೆದುಕೊಂಡು ಹೋದರೆ 1925-30 ಮತ್ತು 1982-92ರಲ್ಲಿ ಎಡವುವುದು ಖಚಿತ. ಎರಡನೆಯ ಗೊಂದಲ ಹೆಸರಿನದು. ಸ್ವೆನ್ಸ್ಕಾ ಮಾಸ್ಟರ್‌ಸ್ಕಾಪೆಟ್ ಮತ್ತು ಸ್ವೆನ್ಸ್ಕಾ ಕಪ್ಪನ್ ಎರಡೂ ನಾಕೌಟ್, ಆದರೆ 1941ರಲ್ಲಿ ಶುರುವಾದ ಎರಡನೆಯದು ಯಾವ ಕಾಲಕ್ಕೂ ಚಾಂಪಿಯನ್ ಪಟ್ಟ ಕೊಟ್ಟಿಲ್ಲ. ಮಾಲ್ಮೋ ಗೆದ್ದಿರುವ 16 ಕಪ್ಪುಗಳನ್ನು ಚಿನ್ನದ ಜೊತೆ ಕೂಡಿಸಬಾರದು. ಪದಕಗಳ ವಿಷಯದಲ್ಲೂ ಎಚ್ಚರ ಬೇಕು: ಸ್ವೀಡನ್ನಿನಲ್ಲಿ ಎರಡನೆಯವರಿಗೆ ‘ದೊಡ್ಡ ಬೆಳ್ಳಿ’, ಮೂರನೆಯವರಿಗೆ ‘ಚಿಕ್ಕ ಬೆಳ್ಳಿ’, ಕಂಚು ನಾಲ್ಕನೆಯವರಿಗೆ. ಬೆಳ್ಳಿ ಎಂದ ತಕ್ಷಣ ಎರಡನೇ ಸ್ಥಾನ ಎಂದು ಬರೆದುಕೊಳ್ಳುವ ಹಾಗಿಲ್ಲ.

ಅಂಕಗಳ ದಾಖಲೆ ಇನ್ನೂ ಸೂಕ್ಷ್ಮ. 1990ರಲ್ಲಿ ಗೆಲುವಿಗೆ 2ರ ಬದಲು 3 ಅಂಕ ಬಂತು. 22 ಪಂದ್ಯಗಳಲ್ಲಿ 14 ಗೆದ್ದು 2 ಡ್ರಾ ಮಾಡಿಕೊಂಡ ತಂಡ, 12 ಗೆದ್ದು 6 ಡ್ರಾ ಮಾಡಿಕೊಂಡ ತಂಡ ಎಂದು ಇಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ ಇಬ್ಬರಿಗೂ 30. ಹೊಸದರಲ್ಲಿ 44 ಮತ್ತು 42. ಎಲ್ಲ ಸೀಸನ್‌ಗಳನ್ನೂ ಒಟ್ಟುಗೂಡಿಸುವ ‘ಮ್ಯಾರಥಾನ್ ಪಟ್ಟಿ’ಯಲ್ಲಿ ಮಾಲ್ಮೋ ಮುಂಚೂಣಿಯಲ್ಲಿದೆ. ಆದರೂ ಅಂಥ ಪಟ್ಟಿಯನ್ನು ಓದುವ ಮೊದಲು ಗೆಲುವಿಗೆ ಎಷ್ಟು ಅಂಕ ಹಿಡಿದಿದ್ದಾರೆ ಎಂದು ನೋಡಿಕೊಳ್ಳಲೇಬೇಕು. ಸೀಸನ್ನಿನ ಉದ್ದವೂ ಒಂದೇ ಇಲ್ಲ. 12 ತಂಡಗಳ ಕಾಲದಲ್ಲಿ 22 ಪಂದ್ಯ, 1991 ಮತ್ತು 1992ರ 10 ತಂಡಗಳಿಗೆ 18, 2008ರಿಂದ 16 ತಂಡಗಳಿಗೆ 30. ಶರತ್ಕಾಲದಿಂದ ವಸಂತದವರೆಗೆ ನಡೆಯುತ್ತಿದ್ದ ಲೀಗನ್ನು ಕ್ಯಾಲೆಂಡರ್ ವರ್ಷಕ್ಕೆ ಹೊಂದಿಸಲು 1957-58ರ ಸೀಸನ್ನನ್ನು 33 ಪಂದ್ಯಗಳಿಗೆ ಎಳೆಯಲಾಯಿತು. ಆ ಸೀಸನ್ನಿನ ಒಟ್ಟು ಗೋಲು, ಒಟ್ಟು ಗೆಲುವುಗಳನ್ನು ಬೇರೆ ವರ್ಷಗಳ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಈ ಎಲ್ಲ ಬದಲಾವಣೆಗಳ ನಡುವೆಯೂ ಮಾಸದ ದಾಖಲೆ ಒಂದಿದೆ. 1949ರ ಮೇ 6ರಿಂದ 1951ರ ಜೂನ್ 1ರವರೆಗೆ ಮಾಲ್ಮೋ ಆಲ್‌ಸ್ವೆನ್ಸ್ಕಾನ್‌ನಲ್ಲಿ 49 ಪಂದ್ಯ ಸೋಲದೆ ಆಡಿತು. ಅದರೊಳಗೆ ಸತತ 23 ಗೆಲುವು ಸೇರಿವೆ, 1949-50ರ ಇಡೀ ಸೀಸನ್ ಸೋಲಿಲ್ಲ. ಸೋಲದೇ ಉಳಿದ ಪಂದ್ಯಗಳನ್ನು ಎಣಿಸುವಾಗ ಗೆಲುವಿಗೆ 2 ಅಂಕವೋ 3 ಅಂಕವೋ, ಪ್ಲೇಆಫ್ ಇತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಈ ಕ್ಲಬ್ಬಿನ ಅತ್ಯಂತ ಶುದ್ಧವಾದ ಅಂಕಿ ಇದು ಎನ್ನಲು ನಮಗೆ ಹಿಂಜರಿಕೆಯಿಲ್ಲ.

ಆಟಗಾರರ ಅಂಕಿಗಳನ್ನು ಹೇಗೆ ಬಿಡಿಸಿ ಓದಬೇಕು ಎಂಬುದಕ್ಕೆ ಜ್ಲಾಟನ್ ಇಬ್ರಾಹಿಮೊವಿಚ್ ಒಳ್ಳೆಯ ಉದಾಹರಣೆ. ಮಾಲ್ಮೋ ಪರ ಅವರ ಲೀಗ್ ದಾಖಲೆ 40 ಪಂದ್ಯ, 16 ಗೋಲು. ಆದರೆ 1999ರಲ್ಲಿ ತಂಡ ಕೆಳಗಿನ ದರ್ಜೆಗೆ ಇಳಿದಿತ್ತು. 2000ರಲ್ಲಿ ಹೊಡೆದ 12 ಗೋಲುಗಳು ಸುಪರ್‌ಎಟ್ಟನ್ ಎಂಬ ಎರಡನೇ ದರ್ಜೆಯವು. ಆಲ್‌ಸ್ವೆನ್ಸ್ಕಾನ್‌ನಲ್ಲಿ ಅವರದ್ದು 4 ಮಾತ್ರ: 1999ರಲ್ಲಿ 1, 2001ರಲ್ಲಿ 3.

ಭಾರತದ ಫುಟ್‌ಬಾಲ್ ಪ್ರೇಮಿಗಳಿಗೆ ಮಾಲ್ಮೋದ ದಾಖಲೆ ಪುಸ್ತಕದಲ್ಲಿ ಪರಿಚಿತ ಹೆಸರೊಂದು ಸಿಗುತ್ತದೆ. 1974, 1975, 1977ರ ಚಿನ್ನಗಳ ಕೋಚ್ ಬಾಬ್ ಹೌಟನ್. 1979ರ ಮೇ 30ರಂದು ಮ್ಯೂನಿಕ್‌ನಲ್ಲಿ ಯುರೋಪಿಯನ್ ಕಪ್ ಫೈನಲ್ ಆಡಿದ್ದೂ ಅವರ ತಂಡವೇ. ಟ್ರೆವರ್ ಫ್ರಾನ್ಸಿಸ್ ಹೊಡೆದ ಒಂದೇ ಗೋಲಿನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಗೆದ್ದಿತು. ಅದೇ ಹೌಟನ್ 2006ರಲ್ಲಿ ಭಾರತ ತಂಡದ ಕೋಚ್ ಆಗಿ ಬಂದು, ಮುಂದೆ ಬೆಂಗಳೂರು ಎಫ್‌ಸಿಯ ನಾಯಕನಾದ ಸುನಿಲ್ ಛೆಟ್ರಿ ಆಡುತ್ತಿದ್ದ ತಂಡವನ್ನು 27 ವರ್ಷಗಳ ಬಳಿಕ, 2011ರಲ್ಲಿ ಏಷ್ಯನ್ ಕಪ್‌ಗೆ ಮುಟ್ಟಿಸಿದರು.

ಎರಡು ಲೆಕ್ಕಗಳ ವ್ಯತ್ಯಾಸ ಕಣ್ಣಿಗೆ ಕಾಣುವ ಜಾಗ ಅಂಗಿಯ ಮೇಲಿನ ನಕ್ಷತ್ರ. 10 ಪಟ್ಟಕ್ಕೆ ಒಂದು ನಕ್ಷತ್ರ, ಎಣಿಸುವುದು ಚಿನ್ನವನ್ನು. ಲೀಗ್ ಗೆಲುವನ್ನು ಎಣಿಸಿದ್ದರೆ ಮಾಲ್ಮೋದ ತಿಳಿನೀಲಿ ಅಂಗಿಗೆ ಎರಡನೇ ನಕ್ಷತ್ರ 2013ರಲ್ಲೇ ಬರಬೇಕಿತ್ತು. 20ನೇ ಚಿನ್ನ ಬಂದದ್ದು 2017ರಲ್ಲಿ, ನಾಲ್ಕು ವರ್ಷ ತಡವಾಗಿ. 2023ರ ಚಿನ್ನವಂತೂ ಕೂದಲೆಳೆಯದು: ಕೊನೆಯ ದಿನ ತವರಿನಲ್ಲಿ ಎಲ್ಫ್ಸ್‌ಬೊರಿ ತಂಡವನ್ನು 1-0ಯಿಂದ ಸೋಲಿಸಿ, ಇಬ್ಬರೂ 64 ಅಂಕದಲ್ಲಿ ನಿಂತಾಗ ಗೋಲು ಅಂತರವೇ ತೀರ್ಮಾನಿಸಿತು. 2025ರ ಚಿನ್ನ ಹೆಲ್ಲೆವಿಕ್ ಎಂಬ ಮೀನುಗಾರರ ಹಳ್ಳಿಯಲ್ಲಿ ಆಡುವ ಮಿಯೆಲ್‌ಬಿ ತಂಡದ ಪಾಲಾಯಿತು, ಅವರಿಗದು ಮೊದಲನೆಯದು. ಮಾಲ್ಮೋದ ಮೂರನೇ ನಕ್ಷತ್ರಕ್ಕೆ ಇನ್ನೂ 6 ಚಿನ್ನ ಬೇಕು. ಲೀಗ್ ಗೆಲುವಿನ ಲೆಕ್ಕವಾಗಿದ್ದರೆ 3 ಸಾಕಿತ್ತು.