ಸತುವಿನ 'ರಕ್ಷಣೆ': ಅದು ತಡೆ, ತೊಳೆಯುವುದಲ್ಲ

'ಸತು ಇರುವ ಆಹಾರ ತಿನ್ನಿ, ಕ್ಯಾಡ್ಮಿಯಂ ವಿಷ ತೊಳೆದು ಹೋಗುತ್ತದೆ, ಗಂಡಸರಿಗೆ ಪೂರ್ತಿ ರಕ್ಷಣೆ.' ಕಾರವಾರ, ಅಂಕೋಲಾ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತಿದೆ. ಸತು ಅಂದರೆ ಜಿಂಕ್, ಕ್ಯಾಡ್ಮಿಯಂ ಒಂದು ವಿಷಕಾರಿ ಲೋಹ. ಆ ಮಾತಿನ ಕೆಳಗೊಂದು ಕಲ್ವದ (ಆಯ್ಸ್ಟರ್ ಎಂಬ ಚಿಪ್ಪುಜೀವಿಯ) ಫೋಟೋ. ಪುರುಷರ ಆರೋಗ್ಯದ ಬಗ್ಗೆ ಬರೆಯುವವರು 'ರಕ್ಷಣೆ' ಅಂದಾಗ ಹೇಳುವುದು ಇದನ್ನಲ್ಲ. ಒಳಗೆ ಬರುತ್ತಿರುವ ವಿಷಕ್ಕೆ ಸತು ಒಡ್ಡುವ ತಡೆಯನ್ನು ಅವರು ಹಾಗೆ ಕರೆಯುತ್ತಾರೆ. ಒಳಗೆ ಕೂತಿರುವ ವಿಷವನ್ನು ತೆಗೆಯುವ ಮಾತು ಅದರಲ್ಲಿಲ್ಲ.

ಆವರ್ತ ಕೋಷ್ಟಕದಲ್ಲಿ ಸತು 30ನೆಯದು. ಅದರ ನೇರ ಕೆಳಗೆ ಕ್ಯಾಡ್ಮಿಯಂ, 48ನೆಯದು. ಎರಡರ ಸ್ವಭಾವವೂ ಹತ್ತಿರ ಹತ್ತಿರ. 1817ರಲ್ಲಿ ಸ್ಟ್ರೋಮೆಯರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಕ್ಯಾಡ್ಮಿಯಂ ಕಂಡುಹಿಡಿದದ್ದೇ ಸತುವಿನ ಸಂಯುಕ್ತದಲ್ಲಿ ಬೆರೆತ ಕಲ್ಮಶವಾಗಿ. ನಮ್ಮ ಜೀವಕೋಶಕ್ಕೂ ಇವೆರಡನ್ನು ಬೇರೆ ಮಾಡುವುದು ಕಷ್ಟ. ಸತುವನ್ನು ಒಳಗೆ ಸಾಗಿಸುವ ಜಿಪ್-8 ಎಂಬ ಪ್ರೋಟೀನ್ ಕ್ಯಾಡ್ಮಿಯಂ ಅನ್ನೂ ಸಾಗಿಸುತ್ತದೆ. ಕುಮಟಾ ಬಸ್ಸಿನಲ್ಲಿ ಸೀಟೆಲ್ಲ ತುಂಬಿದ್ದರೆ ಆಮೇಲೆ ಹತ್ತಿದವನಿಗೆ ಜಾಗ ಸಿಗುವುದಿಲ್ಲ, ಅಲ್ವಾ? ಸತು ಸಾಕಷ್ಟಿದ್ದಾಗ ಕ್ಯಾಡ್ಮಿಯಂಗೆ ಆಗುವುದೂ ಹೆಚ್ಚುಕಡಿಮೆ ಅದೇ.

ಈ ಮಾತಿಗೆಲ್ಲ ಮೂಲ 1950ರ ದಶಕದ ಇಲಿಗಳು. ಕ್ಯಾಡ್ಮಿಯಂ ಲವಣದ ಒಂದೇ ಚುಚ್ಚುಮದ್ದು ಇಲಿಯ ವೃಷಣವನ್ನು ಹಾಳು ಮಾಡುತ್ತದೆ ಎಂದು ಪಾರಿಜೆಕ್ ಎಂಬ ಚೆಕ್ ವಿಜ್ಞಾನಿ ತೋರಿಸಿದರು. ಮೊದಲು ಪೆಟ್ಟು ಬೀಳುವುದು ಅಲ್ಲಿನ ಸಣ್ಣ ರಕ್ತನಾಳಗಳಿಗೆ. ಆಮೇಲೆ ಅಂಗಾಂಶವೇ ಸಾಯುತ್ತದೆ. ಸತುವನ್ನೂ ಕೊಟ್ಟರೆ ಈ ಹಾನಿ ತಪ್ಪುತ್ತದೆ ಎಂದು 1957ರಲ್ಲಿ ಅವರೇ ಬರೆದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಸತು ಕ್ಯಾಡ್ಮಿಯಂಗಿಂತ ಹಲವು ಪಟ್ಟು ಜಾಸ್ತಿ ಇತ್ತು, ಅದನ್ನು ಕೊಟ್ಟದ್ದು ವಿಷ ಕೊಡುವ ಹೊತ್ತಿನಲ್ಲೇ. ಮೊದಲೇ ಮೈಯಲ್ಲಿ ಸೇರಿ ಕೂತ ಕ್ಯಾಡ್ಮಿಯಂ ಅನ್ನು ಸತು ಹೊರಗೆ ಹಾಕುತ್ತದೆ ಎಂದು ಆ ಪ್ರಯೋಗ ತೋರಿಸಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

'ತೊಳೆಯುತ್ತದೆ' ಅನ್ನುವುದು ಬರೀ ಅತಿ ಮಾತೂ ಅಲ್ಲ, ನಡೆಯುವುದಕ್ಕೆ ತೀರಾ ಉಲ್ಟಾ. ಸತು ಹೆಚ್ಚಾದಾಗ ದೇಹ ಮೆಟಲೋಥಯೋನೀನ್ ಎಂಬ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಇದು ಕ್ಯಾಡ್ಮಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದಷ್ಟು ಹೊತ್ತು ಅದರ ಕಾಟ ಕಡಿಮೆ, ನಿಜ. ಆದರೆ ಹಿಡಿದದ್ದು ಮೈಯಲ್ಲೇ ಉಳಿಯುತ್ತದೆ, ಮುಖ್ಯವಾಗಿ ಪಿತ್ತಜನಕಾಂಗ ಮತ್ತು ಮೂತ್ರಪಿಂಡದಲ್ಲಿ. ಮೂತ್ರಪಿಂಡದಲ್ಲಿ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕು.

ನನಗೆ ತೀರಾ ಬೇಸರ ತರುವುದು ಸಿಗರೇಟು ಬಿಡದೆ ಸತುವಿನ ಮಾತ್ರೆ ನುಂಗುವವರ ಲೆಕ್ಕಾಚಾರ. ತಂಬಾಕಿನ ಎಲೆ ಮಣ್ಣಿನ ಕ್ಯಾಡ್ಮಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೊಗೆಯಾಗಿ ಶ್ವಾಸಕೋಶಕ್ಕೆ ಹೋದರೆ ಊಟದಲ್ಲಿ ಬಂದದ್ದಕ್ಕಿಂತ ಜಾಸ್ತಿ ಪಾಲು ರಕ್ತ ಸೇರುತ್ತದೆ. ಬೀಡಿಯಲ್ಲಿರುವುದೂ ಅದೇ ತಂಬಾಕು. ದಿನಾ ಹೊಸದಾಗಿ ತುಂಬುತ್ತಾ ಹೋದರೆ ಮಾತ್ರೆ ಏನು ಮಾಡೀತು?

ಇನ್ನು ಕಲ್ವ. ಸತು ಅದರಲ್ಲಿ ಧಾರಾಳ, ಅಷ್ಟರಮಟ್ಟಿಗೆ ಫೋಟೋ ಸರಿ. ಆದರೆ ಕಲ್ವ, ಬಳಚು, ನೀಲಿಕಲ್ಲು ಎಲ್ಲವೂ ನೀರು ಸೋಸಿ ಬದುಕುವ ಚಿಪ್ಪುಜೀವಿಗಳು. ನೀರಲ್ಲಿ ಕ್ಯಾಡ್ಮಿಯಂ ಇದ್ದರೆ ಅದನ್ನೂ ಮೈಯಲ್ಲಿ ಕೂಡಿಡುತ್ತವೆ. ಬೊಂಡಾಸಿನಲ್ಲಿ (ಸ್ಕ್ವಿಡ್) ಕ್ಯಾಡ್ಮಿಯಂ ಸೇರುವುದು ಹೆಚ್ಚಾಗಿ ಒಳಭಾಗದಲ್ಲಿ, ಹಾಗಾಗಿ ಅದನ್ನು ತೆಗೆದು ಮಾಡುವ ನಮ್ಮ ಮನೆಗಳ ರೂಢಿ ಒಳ್ಳೆಯದೇ. ಇದನ್ನೆಲ್ಲ ಓದಿ ಯಾರೂ ಮೀನೂಟ ಬಿಡಬೇಕಿಲ್ಲ. ಕಲ್ವವನ್ನು ಔಷಧಿ ಅನ್ನಬೇಡಿ, ಅಷ್ಟೇ.

ಮಾತ್ರೆಯ ವಿಷಯ. ವೀರ್ಯಾಣು ಬೆಳೆಯಲು ಸತು ಬೇಕೇ ಬೇಕು, ಕೊರತೆ ಇದ್ದವರಿಗೆ ತುಂಬಿಸಬೇಕು. ಆದರೆ ಅಮೆರಿಕದಲ್ಲಿ ಮಕ್ಕಳಾಗಲು ಚಿಕಿತ್ಸೆ ಪಡೆಯುತ್ತಿದ್ದ 2,370 ದಂಪತಿಗಳ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂತು. ಗಂಡಸರಿಗೆ ದಿನಕ್ಕೆ 30 ಮಿಲಿಗ್ರಾಂ ಸತು ಮತ್ತು ಫೋಲಿಕ್ ಆಮ್ಲ ಕೊಟ್ಟಿದ್ದರು. ವೀರ್ಯದ ಗುಣಮಟ್ಟವೂ ಸುಧಾರಿಸಲಿಲ್ಲ, ಹೆರಿಗೆಗಳೂ ಹೆಚ್ಚಲಿಲ್ಲ. ಸುಮ್ನೆ ಜಾಸ್ತಿ ತಿಂದರೆ ತೊಂದರೆಯೂ ಇದೆ. ತಿಂಗಳುಗಟ್ಟಲೆ ಹೆಚ್ಚು ಸತು ಹೋದರೆ ದೇಹಕ್ಕೆ ತಾಮ್ರ ಸಿಗದೆ ರಕ್ತಹೀನತೆ ಬರಬಹುದು. ಅದಕ್ಕೇ ಅಮೆರಿಕದಲ್ಲಿ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇಟ್ಟಿದ್ದಾರೆ, ಊಟದಲ್ಲಿ ಬರುವ ಸತುವನ್ನೂ ಸೇರಿಸಿ.