ವೆಬ್ ಅನಲಿಟಿಕ್ಸ್ ನೋಟ್ಸ್: ಆರ್ಡರ್ ಎಲ್ಲಿ ಸೋರ್ತಿದೆ ಅಂತ ಹುಡ್ಕೋದು ಹೇಗೆ

ಆನ್‌ಲೈನಲ್ಲಿ ಸಣ್ಣದಾಗಿ ಏನೋ ಮಾರ್ತಿರೋರಿಗೆ, ಇಲ್ಲ ಡಿಜಿಟಲ್ ಮಾರ್ಕೆಟಿಂಗ್ ಕಲೀತಿರೋರಿಗೆ ಈ ನೋಟ್ಸ್. ಎಲ್ಲಾ ಗೂಗಲ್ ಅನಲಿಟಿಕ್ಸ್ 4 (ಜಿಎ4, ಸೈಟ್‌ಗೆ ಯಾರು ಬಂದ್ರು, ಏನ್ ಮಾಡಿದ್ರು ಅಂತ ತೋರಿಸೋ ಗೂಗಲ್ ಟೂಲ್) ಇಟ್ಕೊಂಡೇ ಹೇಳ್ತೀನಿ. ಹಳೇ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಡೇಟಾ ತಗೊಳ್ಳೋದು ನಿಲ್ಲಿಸ್ತು, ಆದ್ರೆ ಅದರ ಪಾಠಗಳು ಇನ್ನೂ ಓಡಾಡ್ತಾನೇ ಇವೆ, ಸೋ ಯಾರಾದ್ರೂ ಬೌನ್ಸ್ ಅಂದ್ರೆ ಒಂದೇ ಪೇಜ್ ನೋಡಿ ಹೋಗೋದು ಅಂತ ಹೇಳ್ಕೊಟ್ರೆ ಅದು ಹಳೇ ಲೆಕ್ಕ. ಈಗ ಸೆಷನ್, ಅಂದ್ರೆ ಒಬ್ಬರು ಒಂದ್ಸಲ ಸೈಟ್‌ಗೆ ಬಂದು ಹೋಗೋದು, 10 ಸೆಕೆಂಡ್ ದಾಟಿದ್ರೆ, ಇಲ್ಲ ಎರಡು ಪೇಜ್ ನೋಡಿದ್ರೆ, ಇಲ್ಲ ಒಂದು ಕೀ ಈವೆಂಟ್ (ಖರೀದಿ ಥರ, ನೀವು ಮುಖ್ಯ ಅಂತ ಗುರುತು ಹಾಕಿದ ಕೆಲಸ) ಆದ್ರೆ ಅದು ಎಂಗೇಜ್ಡ್ ಸೆಷನ್, ಮೂರೂ ಇಲ್ದೇ ಇದ್ರೆ ಬೌನ್ಸ್.

ಡ್ಯಾಶ್‌ಬೋರ್ಡ್ ತೆಗೆದ ತಕ್ಷಣ ಎಲ್ರ ಕಣ್ಣೂ ಯೂಸರ್ಸ್ ಗ್ರಾಫ್ ಮೇಲೇ ಹೋಗುತ್ತೆ, ಮೇಲಕ್ಕೆ ಹೋಗ್ತಿದ್ರೆ ಖುಷಿ. ನನ್ನ ಪ್ರಕಾರ ಬಿಸಿನೆಸ್ ಬೆಳೆಸೋಕೆ ಅದನ್ನ ಕೊನೇಲಿ ನೋಡಿದ್ರೂ ನಡೆಯುತ್ತೆ. ಮೊದಲು ನೋಡ್ಬೇಕಾಗಿರೋದು ಫನಲ್, ಅಂದ್ರೆ ಪೇಜ್ ನೋಡೋದ್ರಿಂದ ಕೊಳ್ಳೋ ತನಕ ಪ್ರತೀ ಹಂತದಲ್ಲಿ ಎಷ್ಟು ಜನ ಉಳಿದ್ರು ಅನ್ನೋ ಲೆಕ್ಕ, ಅದೂ ದುಡ್ಡು ಕೊಡೋ ಕಡೆಯಿಂದ ಹಿಂದಕ್ಕೆ.

ಇಳಕಲ್ ಸೀರೆ ಮಾರೋ ಒಂದು ಸೈಟ್ ಅಂದ್ಕೊಳ್ಳಿ, ನಂಬರ್ ನಾನು ಲೆಕ್ಕಕ್ಕೆ ಅಂತ ಸುಮ್ನೆ ಹಾಕಿರೋದು. ಸೀರೆ ಪೇಜ್ ನೋಡಿದೋರು 1000 ಜನ, ಕಾರ್ಟ್‌ಗೆ ಹಾಕಿದೋರು 80, ಚೆಕ್ಔಟ್ ಶುರು ಮಾಡಿದೋರು 40, ಕೊಂಡೋರು 12. ಜಿಎ4ನಲ್ಲಿ ಇದಕ್ಕೆ ವ್ಯೂ ಐಟಂ, ಆಡ್ ಟು ಕಾರ್ಟ್, ಬಿಗಿನ್ ಚೆಕ್ಔಟ್, ಪರ್ಚೇಸ್ ಅಂತ ನಾಲ್ಕು ಈವೆಂಟ್ ಇದೆ, ಎಕ್ಸ್‌ಪ್ಲೋರ್ ಅನ್ನೋ ಮೆನು ಒಳಗೆ ಫನಲ್ ರಿಪೋರ್ಟ್ ಮಾಡಿ ಈ ನಾಲ್ಕನ್ನ ಜೋಡಿಸಿದ್ರೆ ಆಯ್ತು. ಪರ್ಸೆಂಟ್ ನೋಡಿ: 8, ಆಮೇಲೆ 50, ಆಮೇಲೆ 30. ಹೊಸಬರು 8 ನೋಡಿ ಗಾಬರಿ ಆಗ್ತಾರೆ, ಅಯ್ಯೋ 920 ಜನ ಹೋಗ್ಬಿಟ್ರು ಅಂತ, ಆದ್ರೆ ಆ 920ರಲ್ಲಿ ಮುಕ್ಕಾಲು ಪಾಲು ಸುಮ್ನೆ ನೋಡೋಕೆ ಬಂದೋರೇ ಇರ್ಬಹುದು. ನಿದ್ದೆ ಕೆಡಿಸ್ಬೇಕಾಗಿರೋದು ಆ 30. ಯಾಕಂದ್ರೆ ಉಳಿದ 28 ಜನ ತಗೊಳ್ಳೋಣ ಅಂತ ಮನಸ್ಸು ಮಾಡಿ, ಅಡ್ರೆಸ್ ಹಾಕೋ ಜಾಗದ ತನಕ ಬಂದು ವಾಪಸ್ ಹೋದೋರು. 30 ಇದ್ದಿದ್ದು 45 ಆದ್ರೆ ಆರ್ಡರ್ 12ರಿಂದ 18 ಆಗುತ್ತೆ, ಜಾಹೀರಾತಿಗೆ ಒಂದು ರೂಪಾಯಿ ಜಾಸ್ತಿ ಹಾಕ್ದೇನೇ. ಅದೇ 18ನ್ನ ಆಡ್ ಕೊಟ್ಟು ತರ್ಬೇಕು ಅಂದ್ರೆ ಇನ್ನೂ 500 ಜನ ಬೇಕು, ಒಂದು ಕ್ಲಿಕ್‌ಗೆ 10 ರೂಪಾಯಿ ಅಂದ್ರೂ 5000, ಅದೂ ಪ್ರತೀ ಸಲ.

ಚೆಕ್ಔಟಲ್ಲಿ ಯಾಕೆ ಬಿಟ್ಟು ಹೋದ್ರು ಅಂತ ಅನಲಿಟಿಕ್ಸ್ ಹೇಳಲ್ಲ, ಎಲ್ಲಿ ಬಿಟ್ರು ಅಂತ ಮಾತ್ರ ಹೇಳುತ್ತೆ. ಯಾಕೆ ಅಂತ ತಿಳ್ಕೊಳ್ಳೋಕೆ ನೀವೇ ನಿಮ್ಮ ಸೈಟಲ್ಲಿ, ಹಳೇ ಆಂಡ್ರಾಯ್ಡ್ ಫೋನಲ್ಲಿ, ಮೊಬೈಲ್ ಡೇಟಾದಲ್ಲಿ ಒಂದು ಆರ್ಡರ್ ಮಾಡಿ ನೋಡಿ. ಡೆಲಿವರಿ ಚಾರ್ಜ್ ಕೊನೇ ಸ್ಕ್ರೀನಲ್ಲಿ ದಿಢೀರ್ ಅಂತ ಬರೋದು, ಅಕೌಂಟ್ ಮಾಡ್ಲೇಬೇಕು ಅನ್ನೋದು, ಓಟಿಪಿ ಬರ್ದೇ ಇರೋದು, ಪಿನ್‌ಕೋಡ್ ಹಾಕಿದ್ಮೇಲೆ ನಿಮ್ಮೂರಿಗೆ ಡೆಲಿವರಿ ಇಲ್ಲ ಅನ್ನೋದು, ಸಾಮಾನ್ಯವಾಗಿ ಇಂಥದ್ದೇ ಏನೋ ಸಿಗುತ್ತೆ. ಮೈಕ್ರೋಸಾಫ್ಟ್ ಕ್ಲಾರಿಟಿ ಅಂತ ಫ್ರೀ ಟೂಲ್ ಇದೆ, ಜನ ಎಲ್ಲಿ ಒತ್ತಿದ್ರು ಎಲ್ಲಿ ನಿಂತ್ರು ಅಂತ ರೆಕಾರ್ಡಿಂಗ್ ತೋರಿಸುತ್ತೆ, ಫನಲ್ ಜೊತೆ ಅದನ್ನೂ ಇಟ್ಕೊಂಡ್ರೆ ಕೆಲಸ ಬೇಗ ಆಗುತ್ತೆ.

ಈಗ ಕೋರ್ಸ್‌ಗಳಲ್ಲಿ ಅಷ್ಟಾಗಿ ಹೇಳ್ಕೊಡ್ದೇ ಇರೋ ವಿಷಯ. ನಮ್ಮ ಕಡೆ ವ್ಯಾಪಾರ ನಡೆಯೋ ರೀತಿಗೆ ಈ ಡೇಟಾ ಹಲವು ಕಡೆ ಸುಳ್ಳು ಹೇಳುತ್ತೆ.

ಯುಪಿಐ ತಗೊಳ್ಳಿ. ಗಿರಾಕಿ ನಿಮ್ಮ ಪೇಜಿಂದ ಫೋನ್‌ಪೇಗೋ ಗೂಗಲ್ ಪೇಗೋ ಹೋಗಿ ದುಡ್ಡು ಕಟ್ತಾರೆ, ಕಟ್ಟಿದ್ಮೇಲೆ ಎಷ್ಟೋ ಜನ ಬ್ರೌಸರ್‌ಗೆ ವಾಪಸ್ ಬರೋದೇ ಇಲ್ಲ. ಪರ್ಚೇಸ್ ಈವೆಂಟ್ ಥ್ಯಾಂಕ್ ಯೂ ಪೇಜಲ್ಲಿ ಕೂತಿದ್ರೆ ಅದು ಓಡೋದೇ ಇಲ್ಲ, ದುಡ್ಡು ಬಂದಿದೆ ಆದ್ರೆ ರಿಪೋರ್ಟಲ್ಲಿ ಆರ್ಡರ್ ಇಲ್ಲ. ಸೋ ಮೇಲಿನ ಆ 30 ಪರ್ಸೆಂಟ್ ನಿಜವಾಗ್ಲೂ 30ಏನಾ ಅಂತ ಮೊದಲು ಪೇಮೆಂಟ್ ಗೇಟ್‌ವೇ (ಸೈಟ್‌ಗೆ ಆನ್‌ಲೈನ್ ದುಡ್ಡು ತಗೊಳ್ಳೋಕೆ ಬಳಸೋ ಸೇವೆ) ಲಿಸ್ಟ್ ಜೊತೆ ತಾಳೆ ಹಾಕ್ಲೇಬೇಕು. ಅದೇ ಗೇಟ್‌ವೇ ಇನ್ನೊಂದು ಕಿತಾಪತಿನೂ ಮಾಡುತ್ತೆ, ದುಡ್ಡು ಕಟ್ಟಿ ಗೇಟ್‌ವೇ ಪೇಜಿಂದ ವಾಪಸ್ ಬಂದೋರನ್ನ ಗೇಟ್‌ವೇನೇ ಕಳಿಸಿದ್ದು ಅಂತ ಕ್ರೆಡಿಟ್ ಅದಕ್ಕೆ ಹೋಗುತ್ತೆ, ಡೇಟಾ ಸ್ಟ್ರೀಮ್ ಸೆಟ್ಟಿಂಗ್ಸಲ್ಲಿ ಅನ್‌ವಾಂಟೆಡ್ ರೆಫರಲ್ಸ್ ಲಿಸ್ಟ್‌ಗೆ ಅದರ ಡೊಮೇನ್ ಸೇರಿಸ್ಬಿಡಿ.

ಕ್ಯಾಶ್ ಆನ್ ಡೆಲಿವರಿ ಇದರ ಉಲ್ಟಾ. 12 ಪರ್ಚೇಸ್ ಅಂತ ಇರುತ್ತೆ, ಅದರಲ್ಲಿ 3 ಪಾರ್ಸೆಲ್ ಬಾಗಿಲ ತನಕ ಹೋಗಿ ವಾಪಸ್ ಬಂದಿರುತ್ತೆ, ಹೋಗೋ ಬರೋ ಕೊರಿಯರ್ ಖರ್ಚು ಎರಡೂ ನಿಮ್ಮ ತಲೆ ಮೇಲೆ. ಇನ್‌ಸ್ಟಾಗ್ರಾಮ್ ಆಡಿಂದ ಆರ್ಡರ್ ಚೆನ್ನಾಗಿ ಬರ್ತಿದೆ ಅಂತ ಅದಕ್ಕೆ ದುಡ್ಡು ಸುರಿಯೋ ಮುಂಚೆ, ಟ್ರಾನ್ಸಾಕ್ಷನ್ ಐಡಿ ಇಟ್ಕೊಂಡು ನಿಮ್ಮ ಆರ್ಡರ್ ಶೀಟನ್ನ ಜಿಎ4 ಡೇಟಾ ಜೊತೆ ಸೇರಿಸಿ ನೋಡಿ, ಎಕ್ಸೆಲಲ್ಲಿ ಒಂದು ವಿ-ಲುಕಪ್ (ಎರಡು ಪಟ್ಟಿ ತಾಳೆ ಹಾಕೋ ಫಾರ್ಮುಲಾ) ಹಾಕಿದ್ರೆ ಸಾಕು, ವಾಪಸ್ ಬಂದಿದ್ದೆಲ್ಲಾ ಯಾವ ಸೋರ್ಸಿಂದ ಬಂದಿತ್ತು ಅಂತ ಗೊತ್ತಾಗುತ್ತೆ. ರಿಫಂಡ್ ಅಂತ ಈವೆಂಟೇ ಇದೆ, ಡೆವಲಪರ್ ಇದ್ರೆ ಅದನ್ನೇ ಹಾಕಿಸ್ಬಹುದು, ಆದ್ರೆ ಸಣ್ಣ ಅಂಗಡಿಗೆ ಶೀಟೇ ಆರಾಮ.

ಇನ್ನು ವಾಟ್ಸಾಪ್. ಸೀರೆ ತಗೊಳ್ಳೋರು ಇನ್ನೊಂದು ಫೋಟೋ ಕಳ್ಸಿ ಅಕ್ಕಾ, ಸೆರಗು ತೋರ್ಸಿ ಅಂತ ಚಾಟಲ್ಲೇ ಮಾತಾಡಿ ಅಲ್ಲೇ ಆರ್ಡರ್ ಮುಗಿಸ್ತಾರೆ, ಅನಲಿಟಿಕ್ಸ್‌ಗೆ ಅವ್ರು ಪೇಜ್ ಬಿಟ್ಟು ಓಡಿಹೋದೋರು. ಎನ್‌ಹ್ಯಾನ್ಸ್ಡ್ ಮೆಶರ್‌ಮೆಂಟ್ (ಕೆಲವು ಈವೆಂಟನ್ನ ಜಿಎ4 ತಾನಾಗೇ ಬರ್ಕೊಳ್ಳೋ ಸೆಟ್ಟಿಂಗ್) ಆನ್ ಇದ್ರೆ ಹೊರಗಿನ ಲಿಂಕ್ ಒತ್ತಿದ್ದು ಕ್ಲಿಕ್ ಅನ್ನೋ ಈವೆಂಟಾಗಿ ಬರುತ್ತೆ, ಅದರಲ್ಲಿ ವಾಟ್ಸಾಪ್ ಲಿಂಕ್ ಮಾತ್ರ ಬೇರೆ ಮಾಡಿ ಹೊಸ ಈವೆಂಟ್ ಕ್ರಿಯೇಟ್ ಮಾಡಿ, ಕೀ ಈವೆಂಟ್ ಅಂತ ಮಾರ್ಕ್ ಮಾಡಿ. ಕನ್ವರ್ಷನ್ ಅಂತ ಮೊದಲು ಕರೀತಿದ್ದಿದ್ದೇ ಇದು, 2024ರಲ್ಲಿ ಹೆಸರು ಬದಲಾಯ್ತು.

ವಾಟ್ಸಾಪ್ ಗ್ರೂಪಲ್ಲಿ ನೀವು ಹಾಕೋ ಲಿಂಕಿಂದ ಬರೋರು ಬಹಳಷ್ಟು ಸಲ ಡೈರೆಕ್ಟ್ ಅಂತ ಬೀಳ್ತಾರೆ, ಎಲ್ಲಿಂದ ಬಂದ್ರು ಅನ್ನೋ ಮಾಹಿತಿ ಆ ಲಿಂಕ್ ಜೊತೆ ಬರಲ್ಲ ಅದಕ್ಕೆ. ಇದಕ್ಕೆ ಯುಟಿಎಂ ಹಾಕ್ಬೇಕು, ಅಂದ್ರೆ ಲಿಂಕ್ ಬಾಲಕ್ಕೆ ಸೋರ್ಸ್, ಮೀಡಿಯಂ, ಕ್ಯಾಂಪೇನ್ ಅಂತ ಮೂರು ಹೆಸರು. ಗೂಗಲ್ 2005ರಲ್ಲಿ ಅರ್ಚಿನ್ ಅನ್ನೋ ಕಂಪನಿ ಕೊಂಡಾಗ ಅಲ್ಲಿಂದ ಬಂದ ಪದ್ಧತಿ, ಇವತ್ತಿಗೂ ಇದಕ್ಕಿಂತ ಸುಲಭದ್ದು ಬಂದಿಲ್ಲ. ಇಂಗ್ಲಿಷಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತಾನೇ ಲೆಕ್ಕ ಆಗುತ್ತೆ, ಸೋ ಎಲ್ಲಾ ಸಣ್ಣಕ್ಷರ ಅಂತ ಒಂದೇ ರೂಲ್ ಇಟ್ಕೊಳ್ಳಿ, ಮತ್ತೆ ನಿಮ್ಮ ಸೈಟ್ ಒಳಗಿನ ಬ್ಯಾನರ್‌ಗೆ ಯಾವತ್ತೂ ಯುಟಿಎಂ ಹಾಕ್ಬೇಡಿ, ಹಾಕಿದ್ರೆ ಗಿರಾಕಿನ ಕರ್ಕೊಂಡ್ ಬಂದಿದ್ದು ನಿಮ್ಮ ಬ್ಯಾನರೇ ಅಂತ ರಿಪೋರ್ಟ್ ಎಕ್ಕುಟ್ಟೋಗುತ್ತೆ.

ಒಂದು ವಿಷಯಕ್ಕೆ ಆತುರ ಬೇಡ. ಚೆಕ್ಔಟಲ್ಲಿ ಏನೋ ಬದಲಾಯಿಸಿ ಈ ವಾರ 12 ಇದ್ದಿದ್ದು ಮುಂದಿನ ವಾರ 15 ಆದ್ರೆ ಗೆದ್ವಿ ಅಂತ ಅಲ್ಲ, ಇಷ್ಟು ಸಣ್ಣ ನಂಬರಲ್ಲಿ ಅದು ತಾನಾಗೇ ಏರಿಳಿಯುತ್ತೆ, ಮಧ್ಯೆ ವರಮಹಾಲಕ್ಷ್ಮಿ ಹಬ್ಬ ಬಂದ್ರಂತೂ ಮುಗೀತು, ಸೀರೆ ಯಾಕೆ ಹೋಯ್ತು ಅಂತ ಯಾರ್ ಹೇಳ್ತಾರೆ. ಒಂದ್ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದಿಷ್ಟು ವಾರ ಸುಮ್ನೆ ಬಿಡಿ. ಹೋದ ವರ್ಷದ ಅದೇ ಹಬ್ಬದ ಜೊತೆ ಹೋಲಿಸೋಣ ಅಂದ್ರೆ ಎಕ್ಸ್‌ಪ್ಲೋರ್ ಡೇಟಾ ಮೊದಲೇ ಉಳಿದಿರ್ಬೇಕಲ್ಲ: ಅಡ್ಮಿನ್ ಒಳಗೆ ಡೇಟಾ ರಿಟೆನ್ಷನ್ ಅನ್ನೋದು ಡಿಫಾಲ್ಟ್ ಆಗಿ 2 ತಿಂಗಳಿಗೆ ಇರುತ್ತೆ, ಫ್ರೀ ಅಕೌಂಟಲ್ಲೂ 14 ತಿಂಗಳು ಮಾಡ್ಬಹುದು, ಸೈಟ್ ಶುರು ಮಾಡಿದ ದಿನವೇ ಮಾಡಿಟ್ಬಿಡಿ, ಅಳಿಸಿಹೋದ ಡೇಟಾ ಆಮೇಲೆ ವಾಪಸ್ ಸಿಗಲ್ಲ.