ನಾಯಿಗೆ ಮೊದಲು ಕಾಣುವುದು ನಿಮ್ಮ ಪಾದ

"ಬಾ ಅಂದ್ರ ಕುಂಡ್ರತೈತ್ರೀ ಇದು. ಕುಂಡ್ರು ಅಂದ್ರ ಸುಮ್ನ ಮಾರಿ ನೋಡಕೋತ ನಿಂದರತೈತಿ. ಕಿವಿ ಏನರ ಮಂದ ಆಗ್ಯಾವೇನ್ರೀ?"

ಪುಣೆಯ ಕೋಥ್ರೂಡ್‌ನ ಒಂದು ಮನೆಯಲ್ಲಿ ಬಾಗಿಲು ತೆಗೆದ ಅಜ್ಜಿ ಹೀಗೆ ದೂರು ಹೇಳಿದರು. ಹುಬ್ಬಳ್ಳಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಗಿದೆ. ನಾಯಿ ಎರಡು ವರ್ಷದ ಲ್ಯಾಬ್ರಡಾರ್, ಹೆಸರು ರಾಜಾ. ನಾಯಿಗೆ ಪಾಠ ಹೇಳಲು ಹೋದ ನಾನು ಬೆಲ್ಟ್ ಮುಟ್ಟಲಿಲ್ಲ. ಚಹಾ ಕುಡಿಯುತ್ತಾ ಅರ್ಧ ಗಂಟೆ ಎಲ್ಲರನ್ನೂ ನೋಡಿದೆ.

ಅಜ್ಜಿ ಕರೆಯುವುದು "ಬಾ". ಬೆಳಿಗ್ಗೆ ರಾಜಾನನ್ನು ಕೆಳಗೆ ಕರೆದೊಯ್ಯುವ ಮನೆಗೆಲಸದ ಮಾವಶಿ ಕೂರಿಸುವುದು ಮರಾಠಿಯಲ್ಲಿ, "ಬಸ್". ಮೊಮ್ಮಗ "ಸಿಟ್" ಅನ್ನುತ್ತಾನೆ. ಬಾ ಮತ್ತು ಬಸ್ ಎರಡೂ ಒಂದೇ ಸದ್ದಿನಿಂದ ಶುರುವಾಗುತ್ತವೆ. ಗೊಂದಲ ಆಗುವುದು ಸಹಜ ಅಲ್ವಾ? ಆದರೆ ನಿಜವಾದ ತೊಡಕು ಅದಲ್ಲ. ಮಾವಶಿ "ಬಸ್" ಅನ್ನುವಾಗ ಸೊಂಟ ಬಗ್ಗಿಸಿ ನಾಯಿಯ ಕಡೆ ಬಾಗುತ್ತಾರೆ. ಅಜ್ಜಿಗೆ ಮಂಡಿನೋವು. ಅವರು ಕುರ್ಚಿ ಹಿಡಿದು, ಮುಂದೆ ಬಾಗಿಯೇ "ಬಾ" ಅನ್ನುತ್ತಾರೆ. ರಾಜಾನಿಗೆ ಎರಡೂ ಒಂದೇ ಚಿತ್ರ. ಬಾಗಿದ ಮನುಷ್ಯ ಅಂದರೆ ಕೂತುಕೋ.

"ಅಜ್ಜಿ, ಕುರ್ಚಿ ಮೇಲೆ ಕೂತು, ಸ್ವಲ್ಪ ಪಕ್ಕಕ್ಕೆ ತಿರುಗಿ, ತೊಡೆ ತಟ್ಟಿ ಕರೀರಿ," ಅಂದೆ. ರಾಜಾ ಓಡಿಬಂದು ಅವರ ಮಡಿಲಲ್ಲಿ ತಲೆಯಿಟ್ಟ.

ಹದಿನೆಂಟು ವರ್ಷಗಳಿಂದ ಈ ಊರಿನಲ್ಲಿ ನಾಯಿಗಳಿಗೆ ಪಾಠ ಹೇಳುತ್ತಿದ್ದೇನೆ. ಹೇಳಿದ ಮಾತು ಕೇಳುವುದು, ಅಡೆತಡೆ ದಾಟಿ ಓಡುವ ಅಜಿಲಿಟಿ, ಹಿಂಡು ತಿರುಗಿಸುವ ಹರ್ಡಿಂಗ್, ಈ ಮೂರನ್ನೂ ಜನ ಬೇರೆ ಬೇರೆ ವಿದ್ಯೆ ಅಂದುಕೊಳ್ಳುತ್ತಾರೆ. ನನಗೆ ಮೂರರಲ್ಲೂ ಕಂಡದ್ದು ಒಂದೇ. ನಾಯಿ ನಮ್ಮ ಮೈಯನ್ನು ಮೊದಲು ನೋಡುತ್ತದೆ, ಮಾತನ್ನು ಆಮೇಲೆ ಕೇಳುತ್ತದೆ. ಅದಕ್ಕೇ ನನ್ನ ಪಾಠ ಜಾಸ್ತಿ ನಡೆಯುವುದು ಬೆಲ್ಟಿನ ಈ ತುದಿಯಲ್ಲಿರುವವರಿಗೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನಿಮ್ಮ ನಾಯಿಗೆ "ಕೂತ್ಕೋ" ಚೆನ್ನಾಗಿ ಬರುತ್ತದೆ ಅನ್ನುತ್ತೀರಲ್ಲ, ಗೋಡೆಗೆ ಮುಖ ಮಾಡಿ ನಿಂತು, ಕೈ ಅಲ್ಲಾಡಿಸದೆ, ಒಂದೇ ಸಲ ಹೇಳಿ. ನನ್ನ ಹತ್ತಿರ ಬರುವ ಹೆಚ್ಚಿನ ನಾಯಿಗಳು ಕೂರುವುದಿಲ್ಲ. ತಲೆ ವಾರೆ ಮಾಡಿ ನೋಡುತ್ತವೆ. ಅದು ಹಟ ಅಲ್ಲ. ಅದು ಕಲಿತದ್ದು ನಿಮ್ಮ ಕೈಯನ್ನು, ನಿಮ್ಮ ಪದವನ್ನಲ್ಲ.

ಯಾಕೆ ಹೀಗಾಗುತ್ತದೆ? ನಾವು ಪದವನ್ನೂ ಕೈಯನ್ನೂ ಒಟ್ಟಿಗೇ ಕೊಡುತ್ತೇವೆ. ಕೈ ಕಂಡರೆ ಸಾಕಾಗುವಾಗ ನಾಯಿ ಪದಕ್ಕೆ ಯಾಕೆ ಕಿವಿ ಕೊಡಬೇಕು? ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಜೊಲ್ಲಿನ ಮೇಲೆ ಮಾಡಿದ ಪ್ರಯೋಗ ಗೊತ್ತಿರಬಹುದು. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಆದರೆ ಜನ ನೆನಪಿಟ್ಟುಕೊಂಡದ್ದು ಸದ್ದು ಕೇಳಿದರೆ ಜೊಲ್ಲು ಸುರಿಸುವ ನಾಯಿಯನ್ನು. ಅಲ್ಲಿ ಸದ್ದು ಮೊದಲು, ಊಟ ಆಮೇಲೆ. ಸದ್ದು ಮುಂದೆ ಬರುವುದನ್ನು ತಿಳಿಸಿದಾಗ ಮಾತ್ರ ನಾಯಿ ಅದಕ್ಕೆ ಬೆಲೆ ಕೊಡುತ್ತದೆ. ನಮ್ಮ ಪಾಠಕ್ಕೂ ಇದೇ ಕ್ರಮ. ಮೊದಲು "ಕೂತ್ಕೋ" ಅನ್ನಿ. ಒಂದು ಸೆಕೆಂಡ್ ಅಲ್ಲಾಡದೆ ನಿಲ್ಲಿ. ಆಮೇಲೆ ಕೈ ಎತ್ತಿ. ಕೆಲವು ದಿನಗಳಲ್ಲಿ ನಾಯಿ ಕೈ ಬರುವ ಮೊದಲೇ ಕೂರತೊಡಗುತ್ತದೆ. ಆ ಒಂದು ಸೆಕೆಂಡಿನ ತಾಳ್ಮೆ ಕಲಿಸಲು ನನಗೆ ಎಷ್ಟೋ ಸಲ ಎರಡು ವಾರ ಹಿಡಿದಿದೆ, ನಾಯಿಗಲ್ಲ, ಮನೆಯವರಿಗೆ.

ನಾಯಿ ಸರಿಯಾಗಿ ಮಾಡಿದ ಕ್ಷಣದಲ್ಲೇ "ಹಾಂ" ಅನ್ನಿ, ತಕ್ಷಣ ತುಣುಕು ಕೊಡಿ. ತುಣುಕು ಬಟಾಣಿ ಕಾಳಿನಷ್ಟು ಸಾಕು. ಬೇಯಿಸಿದ ಕೋಳಿ, ಸಸ್ಯಾಹಾರಿ ಮನೆಯಾದರೆ ಪನೀರ್, ಬೇಯಿಸಿದ ಗಜ್ಜರಿ. ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ. ಪೂಜೆಯ ಪ್ರಸಾದ ಅಂತ ಪ್ರೀತಿಯಿಂದ ಕೊಡುತ್ತಾರೆ, ಅದು ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಈರುಳ್ಳಿ, ಚಾಕೊಲೇಟ್ ಕೂಡ ವಿಷವೇ. ಹೊಡೆಯುವುದು, ಮುಳ್ಳಿನ ಬೆಲ್ಟ್, ಶಾಕ್ ಕೊಡುವ ಬೆಲ್ಟ್, ಇವು ನನ್ನ ಮೈದಾನದೊಳಗೆ ಬರುವುದಿಲ್ಲ. ಹೆದರಿದ ನಾಯಿ ಮೈ ಬಿಗಿ ಹಿಡಿದುಕೊಳ್ಳುತ್ತದೆ. ಬಿಗಿ ಹಿಡಿದ ಮೈ ಏನನ್ನೂ ಕಲಿಯುವುದಿಲ್ಲ.

ಇನ್ನು ಅಜಿಲಿಟಿ. ಇದು ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ. ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು ಕುದುರೆ ಹಾರಿಸುವ ಪಂದ್ಯದ ಮಾದರಿಯಲ್ಲಿ ನಾಯಿಗಳನ್ನು ಓಡಿಸಿದರು. ಅದೇ ಬೆಳೆದು ದೇಶ ದೇಶಗಳ ಆಟವಾಯಿತು. ಹಾರುವ ಅಡ್ಡಕೋಲು, ಸುರಂಗ, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹೊಸೆದು ಹೋಗುವ ವೀವ್, ಏತದಂತೆ ಏರಿಳಿಯುವ ಹಲಗೆ, ಮನೆಯ ಮಾಡಿನಂತಿರುವ ಎ-ಫ್ರೇಮ್. ಪಂದ್ಯದಲ್ಲಿ ಬೆಲ್ಟ್ ಇಲ್ಲ. ಕೈಯಲ್ಲಿ ತಿಂಡಿ, ಆಟಿಕೆ ಇಲ್ಲ. ನಾಯಿಯನ್ನು ಮುಟ್ಟುವಂತಿಲ್ಲ. ಅಡೆತಡೆಗಳ ಕ್ರಮ ಪ್ರತಿ ಸಲ ಹೊಸದು. ಯಜಮಾನ ಮೊದಲು ಒಬ್ಬನೇ ಆ ದಾರಿಯಲ್ಲಿ ನಡೆದು ನೋಡಿಕೊಳ್ಳಬಹುದು, ನಾಯಿಗೆ ಆ ಅವಕಾಶ ಇಲ್ಲ.

ಯೋಚಿಸಿ. ಓಡುವ ನಾಯಿಗೆ ಮುಂದೇನು ಅನ್ನುವುದು ಗೊತ್ತೇ ಇಲ್ಲ. ಅದಕ್ಕಿರುವ ನಕ್ಷೆ ಅಂದರೆ ಪಕ್ಕದಲ್ಲಿ ಓಡುತ್ತಿರುವ ನೀವು ಮಾತ್ರ. ನಿಮ್ಮ ಪಾದದ ಬೆರಳು ಎತ್ತ, ಭುಜ ಎತ್ತ, ಕಣ್ಣು ಎತ್ತ, ನೀವು ನಿಧಾನ ಮಾಡುತ್ತಿದ್ದೀರೋ, ಜೋರು ಮಾಡುತ್ತಿದ್ದೀರೋ.

ಔಂಧ್‌ನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬೀದಿಯಿಂದ ತಂದು ಸಾಕಿದ ಕಂದು ನಾಯಿಯ ಜೊತೆ ಬರುತ್ತಾಳೆ. ಮೊದಲ ತಿಂಗಳು ಅವಳು "ಟನಲ್! ಟನಲ್!" ಅಂತ ಕೂಗುತ್ತಿದ್ದಳು, ನಾಯಿ ಪಕ್ಕದ ಅಡ್ಡಕೋಲು ಹಾರುತ್ತಿತ್ತು. ಅಳು ಬರುವಷ್ಟು ಬೇಜಾರು. ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಅವಳ ಹೆಜ್ಜೆಗಳನ್ನು ಬರೆದು ತೋರಿಸಿದೆ. ಬಾಯಿ ಸುರಂಗ ಅನ್ನುತ್ತಿತ್ತು, ಬೆರಳುಗಳೆಲ್ಲ ಅಡ್ಡಕೋಲಿನ ಕಡೆ ಇದ್ದವು. ನಾಯಿ ಸರಿಯಾಗಿಯೇ ಓಡಿತ್ತು. ಆಮೇಲೆ ಸುರಂಗದ ಬಾಯಿಗೆ ನೇರವಾಗಿ ಹೊಸ ಹೆಜ್ಜೆ ಬರೆದೆವು. ಅವಳು ಬಾಯಿ ಮುಚ್ಚಿಕೊಂಡು ಆ ಗುರುತುಗಳ ಮೇಲೆ ಓಡಿದಳು. ನಾಯಿ ಸುರಂಗದೊಳಗೆ ಮಾಯ! ಈಗ ನನ್ನ ಎಲ್ಲ ತರಗತಿಗಳಲ್ಲೂ ಮೊದಲ ವಾರ ಮಾತು ಬಂದ್. ಮೊಬೈಲಿನಲ್ಲಿ ವಿಡಿಯೋ ತೆಗೆದು, ಸದ್ದು ತೆಗೆದುಹಾಕಿ, ಮನೆಯಲ್ಲಿ ನೋಡಿಕೊಳ್ಳಿ ಅನ್ನುತ್ತೇನೆ. ತಮ್ಮ ತಪ್ಪು ತಮಗೇ ಕಾಣುತ್ತದೆ.

ವೀವ್ ಕಲಿಸುವುದೇ ಕಷ್ಟ. ಪಂದ್ಯದಲ್ಲಿ ಕೋಲುಗಳ ನಡುವೆ 60 ಸೆಂಟಿಮೀಟರ್ ಅಂತರ, ಹೆಚ್ಚೆಂದರೆ 12 ಕೋಲು. ಮೊದಲ ಕೋಲು ನಾಯಿಯ ಎಡ ಭುಜದ ಕಡೆ ಬರುವಂತೆ ಒಳಗೆ ಹೋಗಬೇಕು. ಒಮ್ಮೆಲೇ ಹನ್ನೆರಡು ನೆಟ್ಟು ಕೈಯಿಂದ ಎಳೆದಾಡಿಸಿದರೆ ಅದು ಎಂದೂ ವೇಗ ಹಿಡಿಯುವುದಿಲ್ಲ. ನಾನು ಕೋಲುಗಳನ್ನು ಎರಡು ಸಾಲು ಮಾಡಿ ನಡುವೆ ಓಣಿ ಬಿಡುತ್ತೇನೆ. ನಾಯಿ ನೇರ ಓಡುತ್ತದೆ. ದಿನಕ್ಕೆ ಒಂದು ಬೆರಳಿನಷ್ಟು ಓಣಿ ಕಿರಿದಾಗುತ್ತದೆ. ಒಂದು ದಿನ ಎರಡು ಸಾಲೂ ಒಂದಾಗುತ್ತವೆ, ಅಷ್ಟರಲ್ಲಿ ಅದರ ಬೆನ್ನು ತಾನಾಗಿಯೇ ಹೊಸೆಯಲು ಕಲಿತಿರುತ್ತದೆ. ಇಳಿಜಾರು ಹಲಗೆಯ ಕೊನೆಯಲ್ಲಿ ಬೇರೆ ಬಣ್ಣ ಬಳಿದಿರುತ್ತಾರೆ. ಅಲ್ಲಿ ನಾಯಿ ಕಾಲಿಡಲೇಬೇಕು. ಅದು ಬರೀ ನಿಯಮಕ್ಕಲ್ಲ, ಮೇಲಿಂದ ಜಿಗಿದು ಭುಜ ಪೆಟ್ಟಾಗದಿರಲಿ ಅಂತ.

ಮನೆಗೆ ದುಬಾರಿ ಸಾಮಾನು ಬೇಡ. ಎರಡು ಇಟ್ಟಿಗೆ, ಮೇಲೊಂದು ಪಿವಿಸಿ ಪೈಪು. ತಗುಲಿದರೆ ಉರುಳಿ ಬೀಳಬೇಕು, ಕಟ್ಟಿ ನಿಲ್ಲಿಸಬೇಡಿ. ಕುರ್ಚಿಗಳ ಮೇಲೆ ಚಾದರ ಹೊದಿಸಿದರೆ ಸುರಂಗ. ಟೈಲ್ಸ್ ಮೇಲೆ ಮಾತ್ರ ಬೇಡ, ಕಾಲು ಜಾರುತ್ತದೆ.

ಒಂದು ವಿಷಯ ನಾನು ನೋವಿನಿಂದ ಕಲಿತೆ. ಶುರುವಿನ ವರ್ಷಗಳಲ್ಲಿ ಎಂಟು ತಿಂಗಳ ಜರ್ಮನ್ ಶೆಪರ್ಡ್ ಮರಿಯೊಂದಿತ್ತು. ತುಂಬಾ ಚುರುಕು, ಕಣ್ಣಲ್ಲೇ ಹಾರುತ್ತೇನೆ ಅನ್ನುತ್ತಿತ್ತು. ನಾನೂ ಎತ್ತರ ಏರಿಸುತ್ತಾ ಹೋದೆ. ಒಂದು ತಿಂಗಳಲ್ಲಿ ಅದು ಮುಂಗಾಲು ಕುಂಟತೊಡಗಿತು. ತಪ್ಪು ನನ್ನದು. ಮರಿಯ ಮೂಳೆಯ ತುದಿಗಳಲ್ಲಿ ಬೆಳೆಯುವ ಮೆತ್ತನೆಯ ಭಾಗ ಇರುತ್ತದೆ. ಅದು ಗಟ್ಟಿಯಾಗಲು ಸಣ್ಣ ತಳಿಗೆ ಸುಮಾರು ಒಂದು ವರ್ಷ, ದೊಡ್ಡ ತಳಿಗೆ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ನೆಲದ ಮೇಲಿಟ್ಟ ಕೋಲು ದಾಟಿಸಿ, ಸುರಂಗ ಆಡಿಸಿ, ತಿರುವು ಕಲಿಸಿ. ಹಾರಿಸಬೇಡಿ, ವೀವ್ ಬೇಡ. ಆ ಮರಿ ಗುಣವಾಯಿತು. ಮತ್ತೆ ಅಜಿಲಿಟಿಗೆ ಬರಲಿಲ್ಲ.

ಪುಣೆಯ ಏಪ್ರಿಲ್, ಮೇ ಬಿಸಿಲಿಗೆ ಬೆಳಿಗ್ಗೆ ಏಳರ ಒಳಗೆ ಪಾಠ ಮುಗಿಸಬೇಕು. ನಾಯಿ ಮೈಯಿಂದ ಬೆವರಿ ತಣಿಯುವುದಿಲ್ಲ, ಏದುಸಿರಿನಿಂದ ತಣಿಯುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಅದೂ ಕಷ್ಟ. ನಿಮ್ಮ ಅಂಗೈ ಹಿಂಬದಿಯನ್ನು ನೆಲಕ್ಕೆ ಐದು ಎಣಿಸುವವರೆಗೆ ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು.

ತಳಿಯ ಬಗ್ಗೆ ಕೇಳುವವರು ಬಹಳ. ಬಾಗಲಕೋಟೆ, ವಿಜಯಪುರ ಕಡೆಯವರು ಅಭಿಮಾನದಿಂದ ಮುಧೋಳ ತರುತ್ತಾರೆ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳವೂ ಇತ್ತು, ನನಗೂ ಹೆಮ್ಮೆ. ಆದರೆ ಅದು ಕಣ್ಣಿಂದ ಬೇಟೆ ಹಿಡಿಯುವ ನಾಯಿ. ಒಂದೇ ಕೋಲನ್ನು ಇಪ್ಪತ್ತು ಸಲ ಹಾರು ಅಂದರೆ ನಾಲ್ಕನೆಯದಕ್ಕೆ ಪಕ್ಕಕ್ಕೆ ಹೋಗಿ ಮಲಗುತ್ತದೆ. ಮೂರು ಸಲ, ಮೂರೂ ಚೆನ್ನಾಗಿ, ಅಲ್ಲಿಗೆ ನಿಲ್ಲಿಸಿ.

ಹರ್ಡಿಂಗ್ ವಿಷಯ ಬಂದಾಗ ನನಗೆ ನಿಜವಾಗಿ ಚಿಂತೆ. ಫ್ಲ್ಯಾಟಿನಲ್ಲಿ ಬಾರ್ಡರ್ ಕಾಲಿ ತಂದು ಆರು ತಿಂಗಳಾದ ಮೇಲೆ ಫೋನ್ ಮಾಡುತ್ತಾರೆ. "ಸರ್, ಸೊಸೈಟಿಯ ಮಕ್ಕಳ ಹಿಮ್ಮಡಿ ಕಚ್ಚುತ್ತೆ, ಸೈಕಲ್ ಹಿಂದೆ ಓಡುತ್ತೆ." ಅದಕ್ಕೆ ಹುಚ್ಚಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳಲ್ಲಿ ಕುರಿ ತಿರುಗಿಸಲೆಂದೇ ಆರಿಸಿ ಬೆಳೆಸಿದ ತಳಿ ಅದು. ತೋಳ ಬೇಟೆಯಾಡುವಾಗ ದಿಟ್ಟಿಸುತ್ತದೆ, ಹೊಂಚಿ ನಡೆಯುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಕಾಲಿಯಲ್ಲಿ ಮೊದಲ ಮೂರನ್ನು ಹರಿತ ಮಾಡಿ, ಕೊನೆಯ ಎರಡನ್ನು ತಗ್ಗಿಸಿದ್ದಾರೆ. ಕುರಿ ಇಲ್ಲದಿದ್ದರೆ ಅದು ಮಕ್ಕಳನ್ನೇ ಹಿಂಡು ಮಾಡುತ್ತದೆ.

ದೀಪಾವಳಿ ಆಸುಪಾಸಿನಲ್ಲಿ ಇಲ್ಲಿಯ ಕುರಿಗಾಹಿ ಧನಗರರು ಕುರಿ ಹೊಡೆದುಕೊಂಡು ಕೊಂಕಣದ ಕಡೆ ಇಳಿಯುವುದನ್ನು ನೋಡಿರಬಹುದು. ಅವರ ಜೊತೆ ನಾಯಿಗಳಿರುತ್ತವೆ. ನಮ್ಮ ಕುರುಬರ ನಾಯಿಗಳ ಹಾಗೆ ಅವುಗಳ ಮುಖ್ಯ ಕೆಲಸ ಕಾವಲು. ರಾತ್ರಿ ತೋಳ ಬಂದರೆ ಎಚ್ಚರಿಸಿ ಎದುರಾಗುವುದು. ಹಿಂಡು ತಿರುಗಿಸುವುದು ಮನುಷ್ಯನ ಕೂಗು, ಕೋಲು. ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ ಅಲ್ವಾ, ಅವನ ಪಕ್ಕದಲ್ಲೂ ನಾಯಿ ಇದ್ದೇ ಇರುತ್ತದೆ. ಕಾವಲು ನಾಯಿಗೆ ಕುರಿ ಅಂದರೆ ಮನೆಯವರು. ಬಾರ್ಡರ್ ಕಾಲಿ ನಾಯಿಗೆ ಕುರಿ ಅಂದರೆ ಕೆಲಸ. ಅದಕ್ಕೇ ನಿಮ್ಮ ಕಾಲಿಯನ್ನು "ಸುಮ್ನೆ ನೋಡೋಣ" ಅಂತ ಧನಗರರ ಹಿಂಡಿನ ಹತ್ತಿರ ಒಯ್ಯಬೇಡಿ. ಹಿಂಡು ಚದುರುತ್ತದೆ, ಗಬ್ಬದ ಕುರಿಗೆ ಪೆಟ್ಟಾಗಬಹುದು, ಕಾವಲು ನಾಯಿಗಳು ನಿಮ್ಮದನ್ನು ಬಿಡುವುದಿಲ್ಲ. ಅದು ಅವರ ಅನ್ನ, ನಮ್ಮ ಆಟದ ಮೈದಾನ ಅಲ್ಲ.

ಬದಲಿಗೆ ಚೆಂಡು ಇದೆ. ಜರ್ಮನಿಯಲ್ಲಿ ಹುಟ್ಟಿದ ಟ್ರೈಬಾಲ್ ಆಟದಲ್ಲಿ ವ್ಯಾಯಾಮದ ದೊಡ್ಡ ಚೆಂಡುಗಳೇ ಕುರಿ. ಎಂಟು ಚೆಂಡುಗಳನ್ನು ನಾಯಿ ಮೂಗಿನಿಂದ, ಭುಜದಿಂದ ತಳ್ಳಿ ಯಜಮಾನನ ಮುಂದಿನ ಗೋಲಿಗೆ ತರಬೇಕು. ನಾವು ಒಂದೇ ಚೆಂಡಿನಿಂದ ಶುರು ಮಾಡುತ್ತೇವೆ. ಇಲ್ಲಿಯ ಮುಖ್ಯ ಪಾಠ ತಳ್ಳುವುದಲ್ಲ, ಚೆಂಡನ್ನು ಸುತ್ತಿ ಆಚೆ ಹೋಗಿ ನಿಲ್ಲುವುದು. ಕುರಿಗಾಹಿಗಳು ಇದನ್ನು ಸಮತೂಕ ಅನ್ನುತ್ತಾರೆ. ಗಡಿಯಾರದಲ್ಲಿ ನೀವು ಆರರಲ್ಲಿದ್ದರೆ ನಾಯಿ ಹನ್ನೆರಡರಲ್ಲಿ. ನೀವು ಏಳಕ್ಕೆ ಸರಿದರೆ ಅದು ಒಂದಕ್ಕೆ. ಬ್ರಿಟನ್ನಿನಲ್ಲಿ ಗಡಿಯಾರದ ದಿಕ್ಕಿಗೆ "ಕಮ್ ಬೈ", ಎದುರು ದಿಕ್ಕಿಗೆ "ಅವೇ" ಅನ್ನುತ್ತಾರೆ. ನಾವು ಮೊದಲ ದಿನಗಳಲ್ಲಿ ಏನೂ ಅನ್ನುವುದಿಲ್ಲ. ಬರೀ ಹೆಜ್ಜೆ.

ಹೀಗೆ ಹಿಮ್ಮಡಿ ಕಚ್ಚುತ್ತಿದ್ದ ಬಾಣೇರ್‌ನ ಒಂದು ಬಾರ್ಡರ್ ಕಾಲಿ ನಾಯಿಗೆ ಮೊದಲ ಪಾಠ ಸೊಸೈಟಿಯ ಪಾರ್ಕಿಂಗ್‌ನಲ್ಲಿ, ಬೆಳಿಗ್ಗೆ ಆರೂವರೆಗೆ. ನೀಲಿ ಚೆಂಡನ್ನು ನಡುವೆ ಇಟ್ಟೆವು. ಅದು ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಬಗ್ಗಿ, ಕಣ್ಣು ರೆಪ್ಪೆ ಹೊಡೆಯದೆ, ಚೆಂಡನ್ನು ಸುತ್ತಿ ಆಚೆ ಹೋಯಿತು. ಯಜಮಾನರು ಉಸಿರು ಬಿಗಿ ಹಿಡಿದು ನಿಂತಿದ್ದರು. "ಸರ್, ಎಡಕ್ಕೆ ಒಂದೇ ಹೆಜ್ಜೆ," ಅಂದೆ ಮೆಲ್ಲಗೆ. ಅವರು ಸರಿದರು. ಆ ತುದಿಯಲ್ಲಿ ನಾಯಿಯೂ ಸರಿಯಿತು. ಬಲಕ್ಕೆ ಬಂದರು. ಅದೂ ಮರಳಿತು. ಅವರು ಎರಡು ಹೆಜ್ಜೆ ಹಿಂದೆ ಹೋದಾಗ ಅದು ಮೂಗಿನಿಂದ ಚೆಂಡನ್ನು ತಳ್ಳಿತು, ಸೀದಾ ಅವರ ಕಾಲಿಗೆ. ಅಷ್ಟು ಹೊತ್ತೂ ಯಾರೂ ಒಂದು ಮಾತೂ ಆಡಲಿಲ್ಲ. ಆಮೇಲೆ ಅವರು ಮಂಡಿಯೂರಿ ಕೂತು, ಕೈ ಚಾಚಿ, "ಸಾಕು, ಪುಟ್ಟಾ" ಅಂದರು. ಅದು ಚೆಂಡು ಬಿಟ್ಟು ಅವರ ಹತ್ತಿರ ಬಂತು, ನೀರು ಕುಡಿಯಿತು, ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿತು.